ಸಲ್ಮಾನ್ ಫಾರಿಸಿ(ರ): ಕಂದಕದ ಸಲಹೆ ಕೊಟ್ಟ ಸಹಾಬಿ

ಮೊದಲ ಮಹಾಯುದ್ಧದ ಪಾಠ ಬಂದಾಗ ನಾವು ಫ್ರಾನ್ಸ್ ಮತ್ತು ಬೆಲ್ಜಿಯಂನ ಕಂದಕಗಳ ಬಗ್ಗೆ ಓದುತ್ತೇವೆ. ಅದೇ ಯುದ್ಧದ ಇನ್ನೊಂದು ಕಾಳಗ ನಮ್ಮ ಪಠ್ಯಪುಸ್ತಕಗಳಲ್ಲಿ ಅಷ್ಟಾಗಿ ಕಾಣಿಸುವುದಿಲ್ಲ. ಅದು ನಡೆದದ್ದು 1915ರ ನವೆಂಬರ್‌ನಲ್ಲಿ, ಇರಾಕಿನಲ್ಲಿ, ಬಗ್ದಾದಿನಿಂದ ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರ್ ದೂರದ ಸಲ್ಮಾನ್ ಪಾಕ್ ಎಂಬ ಊರಿನ ಬಳಿ. ಒಂದು ಕಡೆ ಟೈಗ್ರಿಸ್ ನದಿಯ ದಡದ ಬಯಲಿನಲ್ಲಿ ಕಂದಕ ತೋಡಿ ಕುಳಿತಿದ್ದ ತುರ್ಕಿಯ ಉಸ್ಮಾನಿಯಾ ಸೈನ್ಯ. ಇನ್ನೊಂದು ಕಡೆ ಬ್ರಿಟಿಷರ ಅಧೀನದಲ್ಲಿದ್ದ ಭಾರತೀಯ ಸೇನೆಯ ಪೂನಾ ಡಿವಿಷನ್. ಎರಡೂ ಕಡೆ ಮುಸ್ಲಿಂ ಸೈನಿಕರಿದ್ದರು. ಭಾರತದಿಂದ ಹೋಗಿದ್ದ ಕೆಲವು ಮುಸ್ಲಿಂ ಸಿಪಾಯಿಗಳಿಗೆ ಆ ಜಾಗದಲ್ಲಿ ಯುದ್ಧ ಮಾಡಲು ಮನಸ್ಸೇ ಇರಲಿಲ್ಲ. ಏಕೆಂದರೆ ಆ ಊರಿನಲ್ಲಿ ಪ್ರವಾದಿ ಮುಹಮ್ಮದ್(ಸ)ರ ಪ್ರೀತಿಯ ಸಂಗಾತಿಯೊಬ್ಬರ ಗೋರಿ ಇದೆ. ಊರಿಗೆ ಆ ಹೆಸರು ಬಂದದ್ದೂ ಅವರಿಂದಲೇ. ಅವರೇ ಹಝ್ರತ್ ಸಲ್ಮಾನ್ ಫಾರಿಸಿ(ರ).

ಅರಬರಿಗೆ ಕಂದಕದ ಯುದ್ಧವನ್ನು ಪರಿಚಯಿಸಿದವರು ಇದೇ ಸಲ್ಮಾನ್. ಅವರು ಆ ಸಲಹೆ ಕೊಟ್ಟು ಸುಮಾರು 1,300 ವರ್ಷಗಳಾದ ಮೇಲೆ ಅವರ ಗೋರಿಯ ಆಸುಪಾಸಿನಲ್ಲೇ ಸೈನಿಕರು ಕಂದಕ ತೋಡಿ ಪರಸ್ಪರ ಕೊಂದರು. ಹಳೆಯದೆಂದು ಜಗತ್ತು ಮರೆತ ಆಯುಧಗಳು, ಉಪಾಯಗಳು ಆಧುನಿಕ ಯುದ್ಧಕ್ಕೆ ಹೇಗೆ ಮರಳಿ ಬರುತ್ತವೆ, ಮರಳುವಾಗ ಏನನ್ನು ಹಿಂದೆ ಬಿಟ್ಟು ಬರುತ್ತವೆ ಎಂಬುದನ್ನು ತಿಳಿಯಲು ಈ ಮಹಾನ್ ವ್ಯಕ್ತಿಯ ಬದುಕಿಗಿಂತ ಒಳ್ಳೆಯ ದಾರಿ ಇನ್ನೊಂದಿಲ್ಲ.

ಇಸ್ಫಹಾನಿನ ಹುಡುಗ

ಸಲ್ಮಾನರು ಹುಟ್ಟಿದ್ದು ಪರ್ಶಿಯಾದ, ಅಂದರೆ ಇಂದಿನ ಇರಾನಿನ, ಇಸ್ಫಹಾನ್ ಪ್ರಾಂತ್ಯದ ಜೈ ಎಂಬ ಊರಿನಲ್ಲಿ. ತಂದೆ ಊರಿನ ಜಮೀನ್ದಾರ, ಊರಿಗೆ ಯಜಮಾನ. ಮನೆತನದ್ದು ಝೊರಾಸ್ಟ್ರಿಯನ್ ಧರ್ಮ. ತಂದೆಗೆ ಮಗನೆಂದರೆ ಪ್ರಾಣ. ಎಷ್ಟೆಂದರೆ ಹುಡುಗನನ್ನು ಮನೆಯಿಂದ ಹೊರಗೇ ಬಿಡುತ್ತಿರಲಿಲ್ಲ. ಪವಿತ್ರ ಅಗ್ನಿ ಆರದಂತೆ ನೋಡಿಕೊಳ್ಳುವ ಕೆಲಸ ಆ ಹುಡುಗನದು.

ಒಂದು ದಿನ ತಂದೆಗೆ ಬೇರೆ ಕೆಲಸವಿದ್ದುದರಿಂದ ಜಮೀನು ನೋಡಿಕೊಂಡು ಬರಲು ಮಗನನ್ನು ಕಳಿಸಿದರು. ದಾರಿಯಲ್ಲಿ ಒಂದು ಚರ್ಚ್ ಇತ್ತು. ಒಳಗೆ ಪ್ರಾರ್ಥನೆ ನಡೆಯುತ್ತಿತ್ತು. ಹುಡುಗ ಅಲ್ಲೇ ನಿಂತ. ಜಮೀನಿಗೆ ಹೋಗಲೇ ಇಲ್ಲ, ಸಂಜೆಯವರೆಗೆ ಅಲ್ಲೇ ಇದ್ದ. ಮನೆಗೆ ಬಂದು ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದಾಗ ತಂದೆ ಹೆದರಿ ಮಗನ ಕಾಲಿಗೆ ಬೇಡಿ ಹಾಕಿದರು. ಆದರೆ ಆ ಧರ್ಮದ ಮೂಲ ಸಿರಿಯಾ ಕಡೆ ಇದೆ ಎಂದು ಹುಡುಗ ಆಗಲೇ ತಿಳಿದುಕೊಂಡಿದ್ದ. ಆ ಕಡೆ ಹೊರಟ ವ್ಯಾಪಾರಿಗಳ ತಂಡದ ಸುದ್ದಿ ಸಿಕ್ಕಿದ ಕೂಡಲೇ ಬೇಡಿ ಕಳಚಿಕೊಂಡು ಅವರೊಡನೆ ಹೊರಟುಬಿಟ್ಟ. ಶ್ರೀಮಂತನ ಮಗ ಆಸ್ತಿ, ಮನೆ, ತಂದೆಯ ಪ್ರೀತಿ ಎಲ್ಲವನ್ನೂ ಬಿಟ್ಟು ಸತ್ಯ ಹುಡುಕಿ ಹೊರಟದ್ದು ಹೀಗೆ.

ಸಿರಿಯಾದಲ್ಲಿ ಮೊದಲು ಸಿಕ್ಕಿದ ಗುರು ಒಳ್ಳೆಯವನಾಗಿರಲಿಲ್ಲ. ಬಡವರಿಗೆಂದು ಜನ ಕೊಟ್ಟ ದಾನವನ್ನು ಹೂತಿಟ್ಟುಕೊಳ್ಳುತ್ತಿದ್ದ. ಅವನು ಸತ್ತ ಮೇಲೆ ಸಲ್ಮಾನರು ಆ ನಿಧಿಯ ಜಾಗವನ್ನು ಜನರಿಗೆ ತೋರಿಸಿಕೊಟ್ಟರು. ಇಷ್ಟಾದರೂ ಅವರು ಒಬ್ಬನ ಮೋಸಕ್ಕೆ ಬೇಸತ್ತು ಹುಡುಕಾಟ ಬಿಡಲಿಲ್ಲ. ಅದೇ ಜಾಗಕ್ಕೆ ಬಂದ ಎರಡನೆಯ ಗುರು ಸಜ್ಜನರಾಗಿದ್ದರು. ಅವರು ತೀರಿಕೊಂಡಾಗ ಸಲ್ಮಾನರು ಮೂಸಲ್‌ಗೆ ಹೋದರು. ಅಲ್ಲಿಂದ ನಸೀಬೀನ್, ಅಲ್ಲಿಂದ ಅಮ್ಮೂರಿಯಾ. ಪ್ರತಿ ಊರಿನಲ್ಲೂ ಒಬ್ಬ ಗುರು, ಪ್ರತಿ ಗುರುವಿನ ಮರಣದ ಬಳಿಕ ಇನ್ನೊಂದು ಪ್ರಯಾಣ. ಅಮ್ಮೂರಿಯಾದ ಗುರು ಸಾಯುವ ಮುನ್ನ ಒಂದು ವಿಷಯ ತಿಳಿಸಿದರು. ಅರಬ್ ನಾಡಿನಲ್ಲಿ ಒಬ್ಬ ಪ್ರವಾದಿ ಬರುವ ಕಾಲ ಹತ್ತಿರವಾಗಿದೆ. ಕಪ್ಪು ಕಲ್ಲಿನ ಎರಡು ಬಯಲುಗಳ ನಡುವೆ ಇರುವ ಖರ್ಜೂರದ ನಾಡಿಗೆ ಅವರು ವಲಸೆ ಬರುತ್ತಾರೆ. ಅವರು ಉಡುಗೊರೆಯನ್ನು ತಿನ್ನುತ್ತಾರೆ, ದಾನವನ್ನು ತಿನ್ನುವುದಿಲ್ಲ. ಅವರ ಭುಜಗಳ ನಡುವೆ ಪ್ರವಾದಿತ್ವದ ಮುದ್ರೆ ಇರುತ್ತದೆ. ಇವು ಅವರು ಹೇಳಿದ ಗುರುತುಗಳು.

ಗುಲಾಮಗಿರಿ ಮತ್ತು ಬಿಡುಗಡೆ

ಸಲ್ಮಾನರು ದುಡಿದು ಕೂಡಿಸಿದ್ದ ಹಸು, ಕುರಿಗಳನ್ನೆಲ್ಲ ಅರಬ್ ವ್ಯಾಪಾರಿಗಳಿಗೆ ಕೊಟ್ಟು, ಅದಕ್ಕೆ ಬದಲಾಗಿ ತಮ್ಮನ್ನು ಅರಬ್ ನಾಡಿಗೆ ಕರೆದೊಯ್ಯಲು ಒಪ್ಪಿಸಿದರು. ವ್ಯಾಪಾರಿಗಳು ದಾರಿಯಲ್ಲಿ ಮೋಸ ಮಾಡಿದರು. ವಾದಿಲ್ ಕುರಾ ಎಂಬಲ್ಲಿ ಅವರನ್ನು ಗುಲಾಮನನ್ನಾಗಿ ಮಾರಿಬಿಟ್ಟರು. ಕೊಂಡವನಿಂದ ಮತ್ತೊಬ್ಬ ಕೊಂಡ. ಆ ಎರಡನೆಯ ಯಜಮಾನ ಯಸ್ರಿಬ್‌ನವನು, ಬನೂ ಕುರೈಝಾ ಕುಲದವನು. ಯಸ್ರಿಬ್ ಎಂದರೆ ಮುಂದೆ ಮದೀನಾ ಎಂದು ಹೆಸರಾದ ನಗರ. ಅಲ್ಲಿನ ಖರ್ಜೂರದ ತೋಟಗಳನ್ನೂ ಕಪ್ಪು ಕಲ್ಲಿನ ಬಯಲುಗಳನ್ನೂ ನೋಡಿದ ಕೂಡಲೇ ಗುರು ಹೇಳಿದ ನಾಡು ಇದೇ ಎಂದು ಸಲ್ಮಾನರಿಗೆ ಗೊತ್ತಾಯಿತು. ಹಾಗೆ ಅವರು ಹುಡುಕುತ್ತಿದ್ದ ಊರಿಗೆ ಬಂದು ಮುಟ್ಟಿದರು, ಆದರೆ ಗುಲಾಮನಾಗಿ.

ಒಂದು ದಿನ ಅವರು ಖರ್ಜೂರದ ಮರದ ಮೇಲಿದ್ದರು. ಕೆಳಗೆ ಯಜಮಾನ ಕುಳಿತಿದ್ದ. ಅವನ ಸಂಬಂಧಿಯೊಬ್ಬ ಓಡಿಬಂದು, ಮಕ್ಕಾದಿಂದ ಒಬ್ಬರು ಕುಬಾಕ್ಕೆ ಬಂದಿದ್ದಾರೆ, ಜನ ಅವರನ್ನು ಪ್ರವಾದಿ ಎನ್ನುತ್ತಿದ್ದಾರೆ ಎಂಬ ಸುದ್ದಿ ಹೇಳಿದ. ಸಲ್ಮಾನರ ಮೈ ನಡುಗಿ ಮರದಿಂದ ಬೀಳುವಂತಾಯಿತು. ಇಳಿದು ಬಂದು ಏನೆಂದು ಕೇಳಿದ್ದಕ್ಕೆ ಯಜಮಾನನಿಂದ ಏಟು ಬಿತ್ತು. ಅದೇ ಸಂಜೆ ಅವರು ತಮ್ಮಲ್ಲಿದ್ದ ಸ್ವಲ್ಪ ಆಹಾರವನ್ನು ಕುಬಾಕ್ಕೆ ಕೊಂಡುಹೋಗಿ ದಾನವೆಂದು ಕೊಟ್ಟರು. ಪ್ರವಾದಿ(ಸ) ಅದನ್ನು ಸಂಗಾತಿಗಳಿಗೆ ಹಂಚಿದರು, ತಾವು ಮುಟ್ಟಲಿಲ್ಲ. ಇನ್ನೊಂದು ದಿನ ಉಡುಗೊರೆಯೆಂದು ಕೊಟ್ಟಾಗ ತಾವೂ ತಿಂದರು. ಮುಂದೊಂದು ದಿನ ಭುಜದ ಗುರುತನ್ನೂ ಕಂಡು ಸಲ್ಮಾನರು ಕಣ್ಣೀರಿಟ್ಟರು, ಇಸ್ಲಾಮ್ ಸ್ವೀಕರಿಸಿದರು.

ಆದರೆ ಗುಲಾಮಗಿರಿ ಮುಗಿದಿರಲಿಲ್ಲ. ಬದ್ರ್ ಮತ್ತು ಉಹುದ್ ಯುದ್ಧಗಳಲ್ಲಿ ಅವರು ಭಾಗವಹಿಸಲಾಗದೆ ಹೋದದ್ದು ಅದರಿಂದಲೇ. ಕೊನೆಗೆ ಯಜಮಾನನೊಡನೆ ಬಿಡುಗಡೆಯ ಕರಾರು ಆಯಿತು. 300 ಖರ್ಜೂರದ ಸಸಿಗಳನ್ನು ನೆಟ್ಟುಕೊಡಬೇಕು, ಜೊತೆಗೆ 40 ಊಕಿಯಾ ತೂಕದ ಬಂಗಾರ ಕೊಡಬೇಕು. ಒಬ್ಬ ಗುಲಾಮನಿಗೆ ಇದು ಜೀವಮಾನವಿಡೀ ದುಡಿದರೂ ತೀರದ ಬೆಲೆ. ಪ್ರವಾದಿ(ಸ) ಸಂಗಾತಿಗಳಿಗೆ ನೆರವಾಗಲು ಹೇಳಿದರು. ಒಬ್ಬರು 30 ಸಸಿ ತಂದರು, ಇನ್ನೊಬ್ಬರು 20, ಮತ್ತೊಬ್ಬರು 10. ಸಲ್ಮಾನರು ಸಂಗಾತಿಗಳೊಡನೆ ಗುಂಡಿ ತೋಡಿದರು. ಪ್ರವಾದಿ(ಸ) ತಮ್ಮ ಕೈಯಿಂದಲೇ ಸಸಿಗಳನ್ನು ನೆಟ್ಟರು. ಒಂದೂ ಸಾಯಲಿಲ್ಲ ಎಂದು ಸಲ್ಮಾನರೇ ಮುಂದೆ ನೆನಪಿಸಿಕೊಳ್ಳುತ್ತಿದ್ದರು. ಬಂಗಾರವೂ ಒದಗಿತು, ಅವರು ಸ್ವತಂತ್ರರಾದರು. ಗಮನಿಸಬೇಕಾದ ಮಾತೆಂದರೆ, ಅವರ ಬಿಡುಗಡೆಗಾಗಿ ಒಂದು ಸಮುದಾಯವೇ ಗುದ್ದಲಿ ಹಿಡಿದು ಮಣ್ಣು ಅಗೆದಿತ್ತು. ಹೆಚ್ಚು ಕಾಲ ಕಳೆಯುವ ಮುನ್ನವೇ ಆ ಸಮುದಾಯದ ಉಳಿವಿಗಾಗಿ ಮಣ್ಣು ಅಗೆಯುವ ಸಲಹೆ ಅವರಿಂದ ಬಂತು.

ಖಂದಕ್ ಯುದ್ಧ

ಹಿಜರಿ 5ನೇ ವರ್ಷ, ಕ್ರಿ.ಶ. 627. ಮಕ್ಕಾದ ಕುರೈಶರು, ಗತಫಾನ್ ಮತ್ತಿತರ ಕುಲಗಳು ಒಂದಾಗಿ ಸುಮಾರು 10,000 ಮಂದಿಯ ಸೈನ್ಯ ಕಟ್ಟಿಕೊಂಡು ಮದೀನಾದ ಕಡೆ ಹೊರಟವು. ಊರಿನಲ್ಲಿ ಆಯುಧ ಹಿಡಿಯಬಲ್ಲ ಮುಸ್ಲಿಮರು ಸುಮಾರು 3,000. ಉಹುದ್‌ನ ಬಯಲಿನಲ್ಲಿ ಎರಡು ವರ್ಷದ ಹಿಂದೆ ಕುದುರೆ ಸವಾರರು ಹಿಂದಿನಿಂದ ಬಂದು ಮಾಡಿದ ಅನಾಹುತ ಎಲ್ಲರ ನೆನಪಿನಲ್ಲಿತ್ತು. ಬಯಲಿಗೆ ಹೋಗಿ ಎದುರಿಸಿದರೆ ಸೋಲು ಖಚಿತ. ಪ್ರವಾದಿ(ಸ) ಸಂಗಾತಿಗಳ ಸಭೆ ಕರೆದರು.

ಆಗ ಸಲ್ಮಾನರು ತಮ್ಮ ನಾಡಿನ ಪದ್ಧತಿಯೊಂದನ್ನು ತಿಳಿಸಿದರು. ಪರ್ಶಿಯಾದಲ್ಲಿ ಕುದುರೆ ಸವಾರರ ದಾಳಿಯ ಭಯವಿದ್ದಾಗ ಊರಿನ ಸುತ್ತ ಕಂದಕ ತೋಡುತ್ತಾರೆ. ಅರಬರಿಗೆ ಇದು ಹೊಸದು. ಅವರ ಯುದ್ಧವೆಂದರೆ ದ್ವಂದ್ವ, ದಾಳಿ, ಬೆನ್ನಟ್ಟುವಿಕೆ. ಹಳ್ಳದ ಹಿಂದೆ ನಿಂತು ಕಾಯುವುದನ್ನು ವೀರರ ಲಕ್ಷಣವೆಂದು ಯಾರೂ ಎಣಿಸಿರಲಿಲ್ಲ. ಸಲಹೆ ಕೊಟ್ಟವರು ವಿದೇಶಿ, ನಿನ್ನೆ ಮೊನ್ನೆಯವರೆಗೆ ಗುಲಾಮರಾಗಿದ್ದವರು. ಆದರೂ ಪ್ರವಾದಿ(ಸ) ಆ ಸಲಹೆಯನ್ನು ಒಪ್ಪಿದರು.

ಮದೀನಾದ ನೆಲದ ರಚನೆ ಇದಕ್ಕೆ ಅನುಕೂಲವಾಗಿತ್ತು. ಪೂರ್ವ ಮತ್ತು ಪಶ್ಚಿಮಕ್ಕೆ ಜ್ವಾಲಾಮುಖಿಯ ಕಪ್ಪು ಕಲ್ಲಿನ ಬಯಲು, ಅಲ್ಲಿ ಕುದುರೆ ಓಡಲಾರದು. ದಕ್ಷಿಣಕ್ಕೆ ದಟ್ಟ ಖರ್ಜೂರದ ತೋಟಗಳು, ಒತ್ತೊತ್ತಾಗಿ ಮನೆಗಳು. ತೆರೆದಿದ್ದದ್ದು ಉತ್ತರ ದಿಕ್ಕು ಮಾತ್ರ. ಆ ಕಡೆಯಷ್ಟೇ ಕಂದಕ ತೋಡಿದರೆ ಊರು ಭದ್ರ. ಬೆನ್ನ ಹಿಂದೆ ಸಲ್ಅ್ ಎಂಬ ಬೆಟ್ಟ. ತೋಡಿದ ಮಣ್ಣನ್ನು ಒಳಬದಿಗೆ ಹಾಕಿದರೆ ಅದೇ ದಿಬ್ಬವಾಗುತ್ತದೆ. ದಿಬ್ಬದ ಮರೆಯಿಂದ ಬಾಣ ಬಿಡಬಹುದು. ಒಂದೇ ಕೆಲಸದಿಂದ ಹಳ್ಳ, ಗೋಡೆ ಎರಡೂ ಸಿಗುತ್ತವೆ. ಕಂದಕದ ಲೆಕ್ಕಾಚಾರ ಇಷ್ಟು ಸರಳ. ಇದಕ್ಕೆ ಉಕ್ಕು ಬೇಡ, ಕುದುರೆ ಬೇಡ, ಹಣವೂ ಬೇಡ. ಬೇಕಾದದ್ದು ಗುದ್ದಲಿ, ಬುಟ್ಟಿ ಮತ್ತು ದುಡಿಯುವ ಕೈಗಳು.

ಕೆಲಸವನ್ನು ಅಳೆದು ಹಂಚಲಾಯಿತು. ಹತ್ತು ಮಂದಿಯ ತಂಡಕ್ಕೆ 40 ಮೊಳ ಉದ್ದ. ಚಳಿಗಾಲ, ಊರಿನಲ್ಲಿ ಆಹಾರದ ಅಭಾವ. ಹಸಿವು ತಡೆಯಲು ಹೊಟ್ಟೆಗೆ ಕಲ್ಲು ಕಟ್ಟಿಕೊಂಡು ದುಡಿದವರಿದ್ದರು. ಪ್ರವಾದಿ(ಸ) ಮೇಲ್ವಿಚಾರಣೆಗೆ ನಿಲ್ಲಲಿಲ್ಲ, ಎಲ್ಲರಂತೆ ಅಗೆದರು, ಮಣ್ಣು ಹೊತ್ತರು. ಮೈಯೆಲ್ಲ ಧೂಳಾಗಿತ್ತು. ಒಂದು ಕಡೆ ಬಂಡೆ ಅಡ್ಡ ಬಂದು ಯಾರ ಏಟಿಗೂ ಜಗ್ಗದಿದ್ದಾಗ ಅವರೇ ಇಳಿದು ಪಿಕಾಸಿಯಿಂದ ಒಡೆದರು. ಸಲ್ಮಾನರು ಗಟ್ಟಿಮುಟ್ಟಾದ ಆಳು, ಕೆಲಸದಲ್ಲಿ ಮುಂದು. ಮಕ್ಕಾದಿಂದ ಬಂದ ಮುಹಾಜಿರರು ಅವರು ನಮ್ಮ ಪಂಗಡದವರು ಎಂದರು. ಮದೀನಾದ ಅನ್ಸಾರರು ಇಲ್ಲ, ನಮ್ಮವರು ಎಂದರು. ಆಗ ಪ್ರವಾದಿ(ಸ) ಸಲ್ಮಾನರನ್ನು ತಮ್ಮ ಮನೆಯವರಲ್ಲಿ ಒಬ್ಬರೆಂದು ಹೇಳಿ ಆ ಪ್ರೀತಿಯ ಜಗಳವನ್ನು ಮುಗಿಸಿದರು. ಕುಲವೇ ಎಲ್ಲವೂ ಆಗಿದ್ದ ನಾಡಿನಲ್ಲಿ ಕುಲವಿಲ್ಲದ ಒಬ್ಬ ಪರದೇಶಿಗೆ ಸಿಕ್ಕಿದ ಗೌರವ ಅದು.

ಶತ್ರು ಸೈನ್ಯ ಬಂದು ಕಂದಕ ನೋಡಿ ದಂಗಾಯಿತು. ಕುದುರೆಗಳು ಅಂಚಿನವರೆಗೆ ಬಂದು ನಿಂತವು. ಇಕ್ಕಟ್ಟಾದ ಒಂದು ಜಾಗದಲ್ಲಿ ಕೆಲವು ಸವಾರರು ದಾಟಿದರು. ಅವರಲ್ಲಿ ಹೆಸರಾಂತ ವೀರ ಅಮ್ರ್ ಬಿನ್ ಅಬ್ದ್ ವುದ್ದ್ ಕೂಡ ಇದ್ದ. ಅವನನ್ನು ಹಝ್ರತ್ ಅಲಿ(ರ) ದ್ವಂದ್ವದಲ್ಲಿ ಸೋಲಿಸಿ ಕೊಂದರು, ಉಳಿದವರು ಹಿಂದಕ್ಕೆ ಓಡಿದರು. ಆಮೇಲೆ ದಿನಗಟ್ಟಲೆ ಬಾಣಗಳ ವಿನಿಮಯ, ಕಾವಲು, ಚಳಿ, ಭಯ. ಮುತ್ತಿಗೆ ಒಂದು ತಿಂಗಳ ಹತ್ತಿರ ಎಳೆಯಿತು. ಅಷ್ಟು ದೊಡ್ಡ ಸೈನ್ಯವನ್ನು ಬಯಲಿನಲ್ಲಿ ಸಾಕುವುದು ಶತ್ರುಗಳಿಗೇ ಕಷ್ಟವಾಯಿತು, ಒಕ್ಕೂಟದಲ್ಲಿ ಅಪನಂಬಿಕೆ ಹುಟ್ಟಿತು. ಕೊನೆಗೆ ಒಂದು ರಾತ್ರಿ ಭೀಕರ ಬಿರುಗಾಳಿ ಬೀಸಿ ಗುಡಾರಗಳನ್ನು ಕಿತ್ತೊಗೆಯಿತು. ಅವರು ಹೊರಟುಹೋದರು. ಪವಿತ್ರ ಕುರ್‌ಆನಿನ 33ನೇ ಅಧ್ಯಾಯಕ್ಕೆ ಆ ಸೈನ್ಯಕೂಟದ ಹೆಸರೇ ಇದೆ: ಅಲ್ ಅಹ್ಝಾಬ್.

ಈ ಮುತ್ತಿಗೆಯಲ್ಲಿ ಸತ್ತವರು ಎಷ್ಟು? ಸೀರಾ ಗ್ರಂಥಗಳ ಲೆಕ್ಕದಲ್ಲಿ ಮುಸ್ಲಿಮರ ಕಡೆ 6, ಎದುರಾಳಿಗಳ ಕಡೆ 3. ಮುತ್ತಿಗೆಯ ಬೆನ್ನಿಗೇ, ಒಪ್ಪಂದ ಮುರಿದ ಆರೋಪದ ಮೇಲೆ ಬನೂ ಕುರೈಝಾ ಕುಲದ ಗಂಡಸರಿಗೆ ಮರಣದಂಡನೆಯಾದ ಕಠಿಣ ಪ್ರಕರಣ ಬೇರೆಯೇ ಅಧ್ಯಾಯ. ಇಲ್ಲಿ ಹೇಳುತ್ತಿರುವುದು ಕಂದಕದ ಕಾಳಗದ ಲೆಕ್ಕ ಮಾತ್ರ. 13,000 ಮಂದಿ ಎದುರುಬದುರಾಗಿ ವಾರಗಟ್ಟಲೆ ನಿಂತರೂ ಸತ್ತವರು ಹತ್ತಕ್ಕಿಂತ ಕಡಿಮೆ. ಸಲ್ಮಾನರ ಕಂದಕ ಕೊಲ್ಲಲು ತೋಡಿದ್ದಲ್ಲ, ಎರಡು ಸೈನ್ಯಗಳು ಕೈ ಕೈ ಮಿಲಾಯಿಸದಂತೆ ನಡುವೆ ತೋಡಿದ್ದು.

ಆ ಪದದ ಕಥೆಯೂ ಚೆನ್ನಾಗಿದೆ. ತೋಡಿದ್ದು ಎಂಬ ಅರ್ಥದ ಹಳೆಯ ಪಾರ್ಸಿ ಪದ ಅರಬಿಯಲ್ಲಿ ಖಂದಕ್ ಆಯಿತು. ಶ್ರೀರಂಗಪಟ್ಟಣದ ಕೋಟೆಯ ಸುತ್ತ ನೋಡುವ ಹಳ್ಳವನ್ನು ನಾವು ಕಂದಕ ಎನ್ನುತ್ತೇವಲ್ಲ, ಅದೂ ಇದೇ ಪದ. ಸಲ್ಮಾನರಂತೆ ಈ ಪದವೂ ಪರ್ಶಿಯಾದಿಂದ ಹೊರಟು ಊರೂರು ದಾಟಿ ನಮ್ಮವರೆಗೆ ಬಂದಿದೆ.

ಮದಾಇನಿನ ಗವರ್ನರ್

ಕ್ರಿ.ಶ. 630ರಲ್ಲಿ ತಾಇಫ್ ನಗರದ ಮುತ್ತಿಗೆಯಲ್ಲಿ ಮುಸ್ಲಿಮರು ಕಲ್ಲೆಸೆಯುವ ಯಂತ್ರ, ಅಂದರೆ ಮಂಜನೀಕ್, ಬಳಸಿದರು. ಆ ಸಲಹೆಯೂ ಸಲ್ಮಾನರದ್ದೇ ಎಂದು ಕೆಲವು ಇತಿಹಾಸಕಾರರು ಬರೆದಿದ್ದಾರೆ. ಆದರೆ ಯಂತ್ರದಿಂದ ತಾಇಫ್ ಬೀಳಲಿಲ್ಲ. ಮುತ್ತಿಗೆ ತೆರವಾಯಿತು, ಮುಂದೆ ಆ ಊರಿನವರು ತಾವಾಗಿಯೇ ಬಂದು ಇಸ್ಲಾಮ್ ಸ್ವೀಕರಿಸಿದರು.

ಖಲೀಫಾ ಉಮರ್(ರ)ರ ಕಾಲದಲ್ಲಿ ಮುಸ್ಲಿಂ ಸೈನ್ಯ ಪರ್ಶಿಯಾದ ಸಾಮ್ರಾಜ್ಯವನ್ನು ಎದುರಿಸಿದಾಗ ಸಲ್ಮಾನರು ಸೈನ್ಯದೊಡನೆ ಇದ್ದರು. ತಮ್ಮದೇ ಜನರೊಡನೆ ಅವರದೇ ಭಾಷೆಯಲ್ಲಿ ಮಾತಾಡುವ ಹೊಣೆ ಅವರದು. ಮೊದಲು ಮಾತುಕತೆ, ಕಾಲಾವಕಾಶ. ಆಮೇಲಷ್ಟೇ ಯುದ್ಧ ಎಂಬುದು ಅವರ ನಡೆಯಾಗಿತ್ತು. ಕ್ರಿ.ಶ. 637ರಲ್ಲಿ ಪರ್ಶಿಯಾದ ರಾಜಧಾನಿ ಮದಾಇನ್ ಕೈಸೇರಿತು. ಮುಂದೆ ಅದೇ ನಗರಕ್ಕೆ ಸಲ್ಮಾನರು ಗವರ್ನರ್ ಆದರು. ಬೇಡಿ ಕಳಚಿಕೊಂಡು ದೇಶ ಬಿಟ್ಟ ಹುಡುಗ ಸಾಮ್ರಾಟರ ಅರಮನೆಯಿದ್ದ ಊರಿಗೆ ಆಡಳಿತಗಾರನಾಗಿ ಮರಳಿದ.

ಅವರಿಗೆ ಬರುತ್ತಿದ್ದ ವಾರ್ಷಿಕ ಭತ್ಯೆ 5,000 ದಿರ್ಹಮ್ ಎನ್ನುತ್ತಾರೆ. ಅದನ್ನೆಲ್ಲ ದಾನ ಮಾಡಿಬಿಡುತ್ತಿದ್ದರು. ಹೊಟ್ಟೆಪಾಡಿಗೆ ಖರ್ಜೂರದ ಗರಿಯಿಂದ ಬುಟ್ಟಿ ಹೆಣೆಯುತ್ತಿದ್ದರು. ಒಂದು ದಿರ್ಹಮ್‌ಗೆ ಗರಿ ಕೊಂಡು, ಹೆಣೆದು ಮೂರು ದಿರ್ಹಮ್‌ಗೆ ಮಾರುತ್ತಿದ್ದರು. ಅದರಲ್ಲಿ ಒಂದು ಮತ್ತೆ ಗರಿ ಕೊಳ್ಳಲು, ಒಂದು ಮನೆಗೆ, ಒಂದು ಸದಕಾಕ್ಕೆ. ಒಮ್ಮೆ ಸಿರಿಯಾದಿಂದ ಬಂದ ಒಬ್ಬ ಪ್ರಯಾಣಿಕ ಬೀದಿಯಲ್ಲಿ ಸಾದಾ ಬಟ್ಟೆಯ ಇವರನ್ನು ಕಂಡು ಕೂಲಿಯೆಂದು ತಿಳಿದು ತನ್ನ ಹೊರೆ ಹೊರಿಸಿದ. ಸಲ್ಮಾನರು ಹೊತ್ತು ನಡೆದರು. ದಾರಿಯಲ್ಲಿ ಜನ ಗವರ್ನರನ್ನು ಗುರುತಿಸಿ ಸಲಾಮ್ ಹೇಳಿದಾಗ ಆ ಮನುಷ್ಯ ನಾಚಿ ಕ್ಷಮೆ ಕೇಳಿದ. ಆದರೂ ಅವರು ಹೊರೆ ಇಳಿಸಲಿಲ್ಲ, ಅವನು ಹೇಳಿದ ಜಾಗಕ್ಕೆ ಮುಟ್ಟಿಸಿಯೇ ಬಂದರು.

ಖಲೀಫಾ ಉಸ್ಮಾನ್(ರ)ರ ಆಡಳಿತದ ಕೊನೆಯ ದಿನಗಳಲ್ಲಿ, ಹಿಜರಿ 35ರ ಸುಮಾರಿಗೆ, ಅವರು ಮದಾಇನಿನಲ್ಲಿ ತೀರಿಕೊಂಡರು. ಮರಣಶಯ್ಯೆಯಲ್ಲಿ ಅವರು ಅಳುತ್ತಿದ್ದರು. ಪ್ರಯಾಣಿಕನಿಗೆ ಬೇಕಾದಷ್ಟೇ ಸಾಮಾನು ಇಟ್ಟುಕೊಳ್ಳಬೇಕೆಂಬ ಪ್ರವಾದಿ(ಸ)ರ ಉಪದೇಶವನ್ನು ಮೀರಿದೆನೇನೋ ಎಂಬ ಅಳುಕು. ಸುತ್ತ ನೋಡಿದರೆ ಇದ್ದದ್ದು ಊಟದ ಒಂದು ಪಾತ್ರೆ, ತೊಳೆಯುವ ಒಂದು ಪಾತ್ರೆ ಮತ್ತಿಷ್ಟು. ಅವರ ಗೋರಿಯಿಂದಾಗಿ ಆ ಊರು ಸಲ್ಮಾನ್ ಪಾಕ್ ಆಯಿತು. ಪಾಕ್ ಎಂದರೆ ನಿರ್ಮಲ.

ಹಳೆಯ ಆಯುಧಗಳು ಮರಳಿದವು

ಈಗ ಮತ್ತೆ ಮೊದಲ ಮಹಾಯುದ್ಧಕ್ಕೆ ಬರೋಣ. 1914ರಲ್ಲಿ ಯುರೋಪಿನ ಸೈನ್ಯಗಳು ಹೊರಟಾಗ ಅವರ ಬಳಿ ಮೆಷಿನ್ ಗನ್, ವೇಗವಾಗಿ ಗುಂಡು ಹಾರಿಸುವ ಫಿರಂಗಿ, ವಿಮಾನಗಳಿದ್ದವು. ಕೆಲವೇ ವಾರಗಳಲ್ಲಿ ಯುದ್ಧ ಮುಗಿಯುತ್ತದೆಂದು ಎಣಿಸಿದ್ದರು. ಆದರೆ ಮೆಷಿನ್ ಗನ್ನಿನ ಮುಂದೆ ನಿಂತ ಮನುಷ್ಯ ಬದುಕಲಾರ. ಎಲ್ಲರೂ ನೆಲ ಅಗೆದು ಒಳಗೆ ಇಳಿದರು. ಸಮುದ್ರದ ದಡದಿಂದ ಸ್ವಿಟ್ಜರ್ಲೆಂಡ್ ಗಡಿಯವರೆಗೆ ಸುಮಾರು 700 ಕಿಲೋಮೀಟರ್ ಉದ್ದಕ್ಕೆ ಕಂದಕಗಳು ಎದುರುಬದುರಾದವು. ಅತಿ ಹೊಸ ಆಯುಧವೇ ಅತಿ ಹಳೆಯ ಆಶ್ರಯವನ್ನು ಮರಳಿ ಕರೆಸಿತು.

ಕಂದಕದ ಹಿಂದೆಯೇ ಇನ್ನಷ್ಟು ಹಳೆಯ ಆಯುಧಗಳು ಬಂದವು. ತಲೆ ತಗ್ಗಿಸಿ ಕುಳಿತ ಶತ್ರುವಿಗೆ ನೇರವಾಗಿ ಹೋಗುವ ರೈಫಲ್ ಗುಂಡು ತಾಗುವುದಿಲ್ಲ. ಮೇಲಕ್ಕೆ ಹಾರಿ ಒಳಕ್ಕೆ ಬೀಳುವ ವಸ್ತು ಬೇಕು. ಹಾಗಾಗಿ ಬ್ರಿಟಿಷರು ರಬ್ಬರ್ ಪಟ್ಟಿಯ ದೊಡ್ಡ ಕವಣೆಯಂತ್ರ ಮಾಡಿ ಅದರಿಂದ ಕೈಬಾಂಬ್ ಎಸೆದರು. ಫ್ರೆಂಚರು ಬಿಲ್ಲಿನಂಥ ಯಂತ್ರದಿಂದ ಅದೇ ಕೆಲಸ ಮಾಡಿದರು. ತಾಇಫ್‌ನ ಮಂಜನೀಕ್ ಹೊಸ ರೂಪದಲ್ಲಿ ಮರಳಿದಂತಾಯಿತು. ಇಕ್ಕಟ್ಟಾದ ಹಳ್ಳದೊಳಗೆ ರಾತ್ರಿ ನುಗ್ಗುವಾಗ ಉದ್ದನೆಯ ರೈಫಲ್ ತಿರುಗಿಸಲೂ ಆಗದು. ಸೈನಿಕರು ಮೊಳೆ ಹೊಡೆದ ದೊಣ್ಣೆ, ಗದೆ, ಚೂರಿ ಹಿಡಿದರು. ಮೇಲಿನಿಂದ ಸಿಡಿಯುವ ಚೂರುಗಳಿಂದ ತಲೆ ಉಳಿಸಿಕೊಳ್ಳಲು 1915ರಲ್ಲಿ ಉಕ್ಕಿನ ಶಿರಸ್ತ್ರಾಣ ಮತ್ತೆ ಬಂತು. ಗ್ಯಾಲಿಪೊಲಿಯಲ್ಲಿ ಬಾಂಬಿನ ಕೊರತೆಯಾದಾಗ ಖಾಲಿ ಜಾಮ್ ಡಬ್ಬಿಗಳಿಗೆ ಸ್ಫೋಟಕ, ಕಬ್ಬಿಣದ ಚೂರು ತುಂಬಿ ಎಸೆದರು.

ಇದರಲ್ಲಿ ನಮ್ಮ ಬೆಂಗಳೂರಿನ ಹೆಸರೂ ಇದೆ. ಮದ್ರಾಸ್ ಸ್ಯಾಪರ್ಸ್ ಪಡೆಯ ಕ್ಯಾಪ್ಟನ್ ಮೆಕ್ಲಿಂಟಾಕ್ 1912ರಲ್ಲಿ ಬೆಂಗಳೂರಿನಲ್ಲಿ ಕಬ್ಬಿಣದ ಕೊಳವೆಯೊಳಗೆ ಸ್ಫೋಟಕ ತುಂಬಿ ಒಂದು ಸಾಧನ ಮಾಡಿದರು. ಕೊಳವೆಗಳನ್ನು ಒಂದಕ್ಕೊಂದು ಜೋಡಿಸಿ ಮುಂದಕ್ಕೆ ತಳ್ಳುತ್ತಾ ಹೋದರೆ ದೂರದ ಮುಳ್ಳುತಂತಿಯ ಬೇಲಿಯನ್ನು ಕಂದಕದಲ್ಲಿ ಕುಳಿತೇ ಸ್ಫೋಟಿಸಿ ದಾರಿ ಮಾಡಬಹುದು. ಅದು ಬ್ಯಾಂಗಲೋರ್ ಟಾರ್ಪೆಡೊ ಎಂದೇ ಜಗತ್ತಿನಾದ್ಯಂತ ಹೆಸರಾಯಿತು. ಅದೇ ಯುದ್ಧದ ಕೊನೆಯಲ್ಲಿ, 1918ರ ಸೆಪ್ಟೆಂಬರ್ 23ರಂದು, ಜೋಧಪುರ ಮತ್ತು ಮೈಸೂರು ಲ್ಯಾನ್ಸರ್ಸ್ ಸವಾರರು ಕುದುರೆಯ ಮೇಲೆ ಭರ್ಜಿ ಹಿಡಿದು ಮೆಷಿನ್ ಗನ್ನುಗಳ ಎದುರು ನುಗ್ಗಿ ಹೈಫಾ ನಗರವನ್ನು ಗೆದ್ದರು.

ಇಷ್ಟೆಲ್ಲ ಹಳೆಯದು ಮರಳಿತು, ಆದರೆ ಸಾವಿನ ಲೆಕ್ಕ ಬೇರೆಯಾಗಿತ್ತು. 1916ರ ಜುಲೈ 1ರಂದು ಫ್ರಾನ್ಸಿನ ಸೋಮ್‌ನಲ್ಲಿ ಕಂದಕ ಬಿಟ್ಟು ಮೇಲೆದ್ದ ಬ್ರಿಟಿಷ್ ಸೈನಿಕರಲ್ಲಿ ಒಂದೇ ದಿನ 19,000ಕ್ಕೂ ಹೆಚ್ಚು ಮಂದಿ ಸತ್ತರು. ಸಲ್ಮಾನ್ ಪಾಕ್‌ನಲ್ಲಿ 1915ರ ನವೆಂಬರ್ 22ರಿಂದ ನಡೆದ ಕಾಳಗದಲ್ಲಿ ಪೂನಾ ಡಿವಿಷನ್ನಿನ 4,000ಕ್ಕೂ ಹೆಚ್ಚು ಮಂದಿ ಸತ್ತರು ಅಥವಾ ಗಾಯಗೊಂಡರು. ಉಸ್ಮಾನಿಯಾ ಸೈನ್ಯದ ನಷ್ಟ ಅದಕ್ಕಿಂತ ಹೆಚ್ಚು. ಹಿಮ್ಮೆಟ್ಟಿದ ಡಿವಿಷನ್ ಕೂತ್ ಎಂಬ ಊರಿನಲ್ಲಿ ಮುತ್ತಿಗೆಗೆ ಸಿಕ್ಕಿ, ಹಸಿವಿನಿಂದ ಬಳಲಿ, 1916ರ ಏಪ್ರಿಲ್ 29ರಂದು ಶರಣಾಯಿತು. ಸೆರೆಯಾದ ಸುಮಾರು 13,000 ಮಂದಿಯಲ್ಲಿ ಬಹುಪಾಲು ಭಾರತೀಯರು.

ಅಲ್ಲಿಗೂ ಮುಗಿಯಲಿಲ್ಲ. 1980ರಿಂದ 1988ರವರೆಗೆ ಇರಾನ್ ಮತ್ತು ಇರಾಕ್ ಕಂದಕಗಳಲ್ಲಿ ಕುಳಿತು ಎಂಟು ವರ್ಷ ಹೋರಾಡಿದವು. ಒಂದು ಸಲ್ಮಾನರು ಹುಟ್ಟಿದ ನಾಡು, ಇನ್ನೊಂದು ಅವರ ಗೋರಿ ಇರುವ ನಾಡು. ಲಕ್ಷಗಟ್ಟಲೆ ಯುವಕರು ಸತ್ತರು, ಗಡಿ ಮಾತ್ರ ಇದ್ದಲ್ಲೇ ಉಳಿಯಿತು. 2022ರಿಂದ ಯುಕ್ರೇನ್‌ನಲ್ಲಿ ಮತ್ತೆ ಕಂದಕ. ಆಕಾಶದಲ್ಲಿ ಡ್ರೋನ್, ಕೆಳಗೆ ಅದನ್ನು ತಡೆಯಲು ಮೀನಿನ ಬಲೆ, ಹೊಡೆಯಲು ಬೇಟೆಯ ಕೋವಿ.

ಮರಳದೆ ಹೋದದ್ದು

ಆಯುಧಗಳಿಗೆ ಮುಪ್ಪಿಲ್ಲ. ಹೊಸದರ ಕೈ ಸೋತಲ್ಲೆಲ್ಲ ಹಳೆಯದು ಎದ್ದು ಬರುತ್ತದೆ. ಅದಕ್ಕೆ ಯಾರೂ ಕರೆಯಬೇಕಾಗಿಲ್ಲ, ಅಗತ್ಯವೊಂದೇ ಸಾಕು. ಆದರೆ ಮದೀನಾದ ಕಂದಕದಲ್ಲಿ ಹಳ್ಳದ ಜೊತೆಗೆ ಬೇರೆ ಸಂಗತಿಗಳೂ ಇದ್ದವು. ಗುಲಾಮಗಿರಿಯಿಂದ ಈಗಷ್ಟೇ ಬಿಡುಗಡೆಯಾದ ಪರದೇಶಿಯ ಮಾತನ್ನು ಕೇಳುವ ಸಭೆ ಇತ್ತು. ಎಲ್ಲರ ಜೊತೆ ಹಸಿದು ಮಣ್ಣು ಹೊರುವ ನಾಯಕರಿದ್ದರು. ಗೆದ್ದ ಮೇಲೂ ಬುಟ್ಟಿ ಹೆಣೆದು ತಿನ್ನುವ ಸಲಹೆಗಾರರಿದ್ದರು. 1915ರ ಕಂದಕಗಳಲ್ಲಿ ಸಿಪಾಯಿಗಳು ಸಾಯುತ್ತಿದ್ದಾಗ ನಿರ್ಧಾರ ಮಾಡಿದವರು ದೂರದ ರಾಜಧಾನಿಗಳಲ್ಲಿ ಕುಳಿತಿದ್ದರು. ಕಂದಕ ಮರಳಿತು, ಈ ಗುಣಗಳು ಮರಳಲಿಲ್ಲ. ಅವು ತಾವಾಗಿ ಮರಳುವಂಥವಲ್ಲ, ಪ್ರತಿ ತಲೆಮಾರೂ ಕಲಿತು ತರಬೇಕಾದವು.

ವಿದ್ಯಾರ್ಥಿ ಮಿತ್ರರೇ, ಸಲ್ಮಾನರು ಮದೀನಾಕ್ಕೆ ತಂದದ್ದು ತಾವು ಬೇರೆ ನಾಡಿನಲ್ಲಿ ಕಲಿತ ಒಂದು ತಿಳಿವಳಿಕೆ ಮಾತ್ರ. ಕೇಳುವವರಿದ್ದುದರಿಂದ ಅದು ಒಂದು ಊರನ್ನು ಉಳಿಸಿತು. ನಮ್ಮ ತರಗತಿಯಲ್ಲೂ ಬೇರೆ ಊರಿನಿಂದ ಬಂದು ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕುಳಿತವರು ಇದ್ದೇ ಇರುತ್ತಾರೆ. ಅವರಿಗೆ ನಮಗೆ ಗೊತ್ತಿಲ್ಲದ ಏನೋ ಒಂದು ಗೊತ್ತಿರಬಹುದು. ಕೇಳಿ ನೋಡೋಣ.